ಕ್ರೋಮ್ ಕಾಪರ್ ಟಿಪ್ಪು ಇನ್ನೂರು ಸ್ಪಾಟಿಗೇ ಅಣಬೆ ಆಗ್ತಿದೆ, ಸರ್ಟಿಫಿಕೇಟಲ್ಲಿ ಎಲ್ಲಾ ಸರಿ ಇದೆ, ಏನ್ ತಪ್ಪು?

ಪೀಣ್ಯ_ಪ್ಯಾನಲ್:
ಎಲ್ರಿಗೂ ನಮಸ್ಕಾರ. ನಮ್ದು ಚಿಕ್ಕ ಶಾಪು, ಎಲೆಕ್ಟ್ರಿಕಲ್ ಪ್ಯಾನಲ್ ಬಾಕ್ಸ್ ಮಾಡ್ತೀವಿ, 1.2 ಎಂಎಂ ಸಿಆರ್ (ಕೋಲ್ಡ್ ರೋಲ್ಡ್) ಉಕ್ಕಿನ ಶೀಟು, ಎರಡು ಸ್ಪಾಟ್ ವೆಲ್ಡಿಂಗ್ ಮಷೀನ್ ಇದೆ. ಶೀಟನ್ನ ಒತ್ತಿ ಹಿಡಿದು ಕರೆಂಟ್ ಬಿಡೋ ಮೂತಿ ಇದ್ಯಲ್ಲ, ಆ ಟಿಪ್ಪು ರೆಡಿಮೇಡ್ ತರಲ್ಲ, 20 ಎಂಎಂ ಕ್ರೋಮ್ ಕಾಪರ್ ರಾಡ್ ತಂದು ನಮ್ ಲೇತಲ್ಲೇ ಟರ್ನಿಂಗ್ ಮಾಡ್ಕೋತೀವಿ, ಹನ್ನೊಂದು ವರ್ಷದಿಂದ ಹಿಂಗೇ ನಡ್ಕೊಂಡ್ ಬಂದಿದೆ. ಈ ಸಲ ರೇಟ್ ಕಮ್ಮಿ ಅಂತ ಬೇರೆ ಕಡೆಯಿಂದ ರಾಡ್ ತಂದೆ, ಅಲ್ಲಿಂದ ಶುರು ತಲೆನೋವು. ಹಳೇ ಟಿಪ್ಪು ಒಂದ್ಸಲ ಡ್ರೆಸ್ ಮಾಡಿದ್ರೆ, ಅಂದ್ರೆ ಮುಖ ಕೆತ್ತಿ ಮೊದಲಿನ ಅಳತೆಗೆ ತಂದ್ರೆ, ಸಾವಿರ, ಸಾವಿರದಿನ್ನೂರು ಸ್ಪಾಟ್ ಆರಾಮಾಗಿ ಬರ್ತಿತ್ತು. ಈ ಹೊಸದು ಇನ್ನೂರಕ್ಕೇ ತಲೆ ಅಗಲ ಮಾಡ್ಕೊಂಡು ಅಣಬೆ ಥರ ಕೂತ್ಕೊಳತ್ತೆ, 6 ಎಂಎಂ ಮುಖ ಹೋಗಿ 8 ಎಂಎಂ ಆಗಿರತ್ತೆ, ಆಮೇಲೆ ಸ್ಪಾಟ್ ಹಿಡಿಯಲ್ಲ, ಹುಡುಗ್ರು ಕರೆಂಟ್ ಏರಿಸ್ತಾರೆ, ಇನ್ನೂ ಬೇಗ ಅಗಲ ಆಗತ್ತೆ. ಸಪ್ಲೈಯರ್‌ನ ಕೇಳಿದ್ರೆ ಟೆಸ್ಟ್ ಸರ್ಟಿಫಿಕೇಟ್ ಮುಖಕ್ಕೆ ಹಿಡೀತಾರೆ, ಕ್ರೋಮಿಯಂ 0.8, ಜಿರ್ಕೋನಿಯಂ 0.08, ಮಿಕ್ಕಿದ್ದು ತಾಮ್ರ. ನಂಬಿಕೆ ಬರ್ದೆ ನಾನೂ ಇನ್ನೊಂದು ಲ್ಯಾಬಲ್ಲಿ ಸ್ಪೆಕ್ಟ್ರೋ (ಯಾವ ಲೋಹ ಎಷ್ಟಿದೆ ಅಂತ ನೋಡೋ ಟೆಸ್ಟು) ಮಾಡಿಸ್ದೆ, ಅದೂ ಹಂಗೇ ಬಂತು. ಮಾಲು ಸರಿ ಇದೆ ಅಂದ್ಮೇಲೆ ಟಿಪ್ಪು ಯಾಕೆ ಬೆಣ್ಣೆ ಥರ ಇದೆ?

ಚಹಾ_ಬ್ರೇಕ್:
ಕೂಲಿಂಗ್ ವಾಟರ್ ನೋಡಿದ್ರಾ ಗುರು? ನಮ್ ಕಡೆ ಒಂದ್ಸಲ ಪೈಪಲ್ಲಿ ಪಾಚಿ ಕಟ್ಕೊಂಡು ಇದೇ ಥರ ಆಗಿತ್ತು.

ಪೀಣ್ಯ_ಪ್ಯಾನಲ್:
ನೋಡ್ದೆ ಸಾರ್, ಮೊದ್ಲು ಅದನ್ನೇ ನೋಡಿದ್ದು. ಒಂದೇ ಮಷೀನಲ್ಲಿ ಮೇಲೆ ಹಳೇ ಟಿಪ್ಪು ಕೆಳಗೆ ಹೊಸ ಟಿಪ್ಪು ಹಾಕಿ ಓಡಿಸ್ದೆ, ಹೊಸದು ಮಾತ್ರ ಚಪ್ಪಟೆ ಆಯ್ತು. ಮೇಲೆ ಕೆಳಗೆ ಅದಲು ಬದಲು ಮಾಡಿದ್ರೂ ಅದೇ ಕತೆ.

ಬ್ಯಾಕ್‌ಬೆಂಚ್_ಮೆಟಲರ್ಜಿ:
ಹಂಗಾದ್ರೆ ರಾಡೇ. ಒಂದು ವಿಷಯ ಹೇಳ್ತೀನಿ, ಅಡುಗೆಗೆ ಏನೇನ್ ಹಾಕಿದಾರೆ ಅಂತ ಸರ್ಟಿಫಿಕೇಟ್ ಹೇಳತ್ತೆ, ಬೆಂದಿದೆಯಾ ಇಲ್ವಾ ಅಂತ ಹೇಳಲ್ಲ. ಸ್ಪೆಕ್ಟ್ರೋನೂ ಅಷ್ಟೆ. ಕ್ರೋಮಿಯಂ 0.8 ಇದೆ ಸರಿ, ಆದ್ರೆ ಅದು ತಾಮ್ರದ ಒಳಗೆ ಕರಗಿಕೊಂಡಿದೆಯಾ, ಸಣ್ಣ ಸಣ್ಣ ಕಣ ಆಗಿ ಹೊರಗೆ ಬಂದು ಕೂತಿದೆಯಾ, ಇಲ್ಲಾ ದಪ್ಪ ಉಂಡೆ ಕಟ್ಟಿದೆಯಾ, ಈ ಮೂರರಲ್ಲಿ ಯಾವುದು ಅನ್ನೋದ್ರ ಮೇಲೆ ಟಿಪ್ಪಿನ ಹಣೆಬರಹ. ಹಳೇದು ಹೊಸದು ಎರಡೂ ರಾಡಿಂದ ಒಂದೊಂದು ಬಿಲ್ಲೆ ಕಟ್ ಮಾಡಿ ಫೇಸಿಂಗ್ ಹೊಡೆದು, ಬ್ರಿನೆಲ್ ಹಾರ್ಡ್‌ನೆಸ್ಸೂ ಕಂಡಕ್ಟಿವಿಟಿಯೂ ಎರಡೂ ನೋಡಿಸಿ. ಒಂದನ್ನೇ ನೋಡಿದ್ರೆ ಏನೂ ಗೊತ್ತಾಗಲ್ಲ, ಜೋಡಿ ಬೇಕು. ಕಂಡಕ್ಟಿವಿಟಿಗೆ ಎಡ್ಡಿ ಕರೆಂಟ್ ಮೀಟರ್ ಇರೋ ಲ್ಯಾಬ್ ಹುಡುಕಿ, ಬಿಲ್ಲೆ ಮೇಲೆ ಪ್ರೋಬ್ ಇಟ್ರೆ ಎರಡು ಸೆಕೆಂಡಲ್ಲಿ ಐಎಸಿಎಸ್ ಪರ್ಸೆಂಟ್ ತೋರ್ಸತ್ತೆ.

ಡಿಪ್ಲೊಮಾ_ಫೈನಲ್_ಇಯರ್:
ಮಧ್ಯ ಬಾಯಿ ಹಾಕ್ತಿದೀನಿ ಕ್ಷಮಿಸಿ. ಐಎಸಿಎಸ್ ಅಂದ್ರೆ? ಮತ್ತೆ ಕರೆಂಟ್ ಹರಿಯೋಕೆ ಶುದ್ಧ ತಾಮ್ರಾನೇ ಬೆಸ್ಟ್ ಅಲ್ವಾ, ಅದನ್ನೇ ಟಿಪ್ ಮಾಡಿದ್ರೆ ಆಯ್ತಪ್ಪ, ಕ್ರೋಮಿಯಂ ಯಾಕೆ ಹಾಕಿ ಕೆಡಿಸ್ಬೇಕು?

ಬ್ಯಾಕ್‌ಬೆಂಚ್_ಮೆಟಲರ್ಜಿ:
1913ರಲ್ಲಿ ಚೆನ್ನಾಗಿ ಅನೀಲ್ ಆದ, ಅಂದ್ರೆ ಕಾಯಿಸಿ ಮೆತ್ತಗೆ ಮಾಡಿದ ತಾಮ್ರಕ್ಕೆ 100% ಅಂತ ಒಂದು ಅಳತೆಗೋಲು ಇಟ್ಕೊಂಡ್ರು, ಅದೇ ಐಎಸಿಎಸ್. ಈಗಿನ ತಾಮ್ರ ಅದಕ್ಕಿಂತ ಶುದ್ಧ, ಹಾಗಾಗಿ 101 ಕೂಡ ಬರತ್ತೆ, ಮೀಟರ್ ಕೆಟ್ಟಿದೆ ಅಂದ್ಕೋಬೇಡಿ.

ಶುದ್ಧ ತಾಮ್ರ ಯಾಕೆ ಬೇಡ ಅಂದ್ರೆ ಲೆಕ್ಕ ಹಾಕಿ ನೋಡಿ. 6 ಎಂಎಂ ಮುಖ ಅಂದ್ರೆ ಸುಮಾರು 28 ಚದರ ಎಂಎಂ. ಮಷೀನು ಒತ್ತೋದು 3000 ನ್ಯೂಟನ್ ಅಂತ ಇಟ್ಕೊಳ್ಳಿ, ಭಾಗಿಸಿದ್ರೆ 106 ಎಂಪಿಎ, ಅಂದ್ರೆ ಪ್ರತಿ ಚದರ ಎಂಎಂ ಮೇಲೆ 106 ನ್ಯೂಟನ್. ಅನೀಲ್ ಆದ ಶುದ್ಧ ತಾಮ್ರ 70 ಎಂಪಿಎಗೆಲ್ಲ ಬಗ್ಗಿ ಬಿಡತ್ತೆ. ತಣ್ಣಗೆ ಎಳೆದು ಗಟ್ಟಿ ಮಾಡಿದ ತಾಮ್ರ ತಡ್ಕೊಳತ್ತೆ ಅಂತೀರಾ, ತಡ್ಕೊಳತ್ತೆ, ತಣ್ಣಗಿರೋ ತನಕ. ಟಿಪ್ಪಿನ ಮುಖ ಶೀಟಿಗೆ ತಾಗಿದ ಜಾಗ ಪ್ರತಿ ಸ್ಪಾಟಲ್ಲೂ ಕೆಂಪಗಿನ ಉಕ್ಕಿನ ಪಕ್ಕ ಇರತ್ತೆ, ಎಳೆದು ಬಂದ ಗಟ್ಟಿತನ 200 ಡಿಗ್ರಿ ದಾಟಿದ್ಮೇಲೆ ಕರಗ್ತಾ ಹೋಗತ್ತೆ. ಶುದ್ಧ ತಾಮ್ರದ ಟಿಪ್ಪು ಹತ್ತಿಪ್ಪತ್ತು ಸ್ಪಾಟಿಗೇ ಕೈ ಎತ್ತತ್ತೆ.

ಹಂಡೆ_ಮೊಮ್ಮಗ:
ಇದು ನಂಗೆ ಗೊತ್ತಿರೋ ವಿಷಯ! ನಮ್ಮಜ್ಜ ತಾಮ್ರದ ಹಂಡೆ ತಟ್ಟೋರು. ತಟ್ತಾ ತಟ್ತಾ ತಗಡು ಗಟ್ಟಿ ಆಗಿ ಸುತ್ತಿಗೆ ಸದ್ದೇ ಬೇರೆ ಆಗ್ತಿತ್ತು, ಡಬ್ ಡಬ್ ಅನ್ನೋದು ಟಣ್ ಟಣ್ ಅನ್ನೋಕೆ ಶುರು ಆದ್ರೆ ಇನ್ನು ತಟ್ಟಿದ್ರೆ ಬಿರುಕು ಬಿಡತ್ತೆ ಅಂತ ಅರ್ಥ, ಕುಲುಮೆಗೆ ಹಾಕಿ ಕೆಂಪಗೆ ಕಾಯಿಸಿ ನೀರಿಗೆ ಬಿಡೋರು, ಮತ್ತೆ ಮೆತ್ತಗೆ. ನನ್ನ ಪ್ರಶ್ನೆ ಚಿಕ್ಕಂದಿನಿಂದ ಇರೋದು: ಕಬ್ಬಿಣ ಕಾಯಿಸಿ ನೀರಿಗೆ ಹಾಕಿದ್ರೆ ಕುಡುಗೋಲು ಗಟ್ಟಿ ಆಗತ್ತೆ, ತಾಮ್ರ ಯಾಕೆ ಮೆತ್ತಗಾಗತ್ತೆ?

ಬ್ಯಾಕ್‌ಬೆಂಚ್_ಮೆಟಲರ್ಜಿ:
ಕುಡುಗೋಲಲ್ಲಿ ಕಾರ್ಬನ್ ಇರತ್ತೆ, ತಣ್ಣಗಾಗುವಾಗ ಕಬ್ಬಿಣದ ಜೋಡಣೆಯೇ ಬದಲಾಗತ್ತೆ, ಕಾರ್ಬನ್ನು ತಪ್ಪಿಸ್ಕೊಳ್ಳೋಕಾಗ್ದೆ ಒಳಗೆ ಸಿಕ್ಕಾಕೊಂಡು ಎಲ್ಲಾನೂ ಬಿಗಿ ಮಾಡತ್ತೆ. ತಾಮ್ರದ ಜೋಡಣೆ ಬಿಸಿ ಇದ್ರೂ ತಣ್ಣಗಿದ್ರೂ ಒಂದೇ. ಅಜ್ಜನ ಹಂಡೆಯಲ್ಲಿ ಕುಲುಮೆ ಬಿಸಿ ತಟ್ಟಿದ ಪೆಟ್ಟನ್ನ ಅಳಿಸತ್ತೆ ಅಷ್ಟೆ, ನೀರಿಗೆ ಹಾಕಿದ್ರೂ ಗಾಳಿಗೆ ಇಟ್ರೂ ಫರಕ್ಕಿಲ್ಲ, ನೀರಿಗೆ ಹಾಕಿದ್ರೆ ಕರೀ ಪುಡಿ ಉದುರಿ ಬೇಗ ಕೈಗೆ ಸಿಗತ್ತೆ ಅಂತ ಹಾಕ್ತಿದ್ರು. ಆದ್ರೆ ಕ್ರೋಮ್ ಕಾಪರಿಗೆ ನೀರು ಬೇಕೇ ಬೇಕು, ಅದರ ಕಾರಣ ಬೇರೆ, ಪ್ರಶ್ನೆ ಕೇಳಿದೋರು ರೀಡಿಂಗ್ ಹಾಕ್ಲಿ ಆಮೇಲೆ ಹೇಳ್ತೀನಿ.

ಪೀಣ್ಯ_ಪ್ಯಾನಲ್:
ರೀಡಿಂಗ್ ಬಂತು. ಹಳೇ ರಾಡು: ಬ್ರಿನೆಲ್ 150, ಕಂಡಕ್ಟಿವಿಟಿ 79%. ಹೊಸ ರಾಡು: ಬ್ರಿನೆಲ್ 68, ಕಂಡಕ್ಟಿವಿಟಿ 42%. ಮೆತ್ತಗಿರೋದೂ ಅಲ್ದೆ ಕರೆಂಟೂ ಸರಿಯಾಗಿ ಹೋಗಲ್ಲ, ಎರಡರಲ್ಲೂ ದರಿದ್ರ. ಲ್ಯಾಬವರು ಇದು ಹಿತ್ತಾಳೆ ಮಿಕ್ಸ್ ಇರ್ಬೇಕು ಅಂದ್ರು.

ಬ್ಯಾಕ್‌ಬೆಂಚ್_ಮೆಟಲರ್ಜಿ:
ಹಿತ್ತಾಳೆ ಅಲ್ಲ, ಆಗಿದ್ರೆ ಸ್ಪೆಕ್ಟ್ರೋದಲ್ಲಿ ಜಿಂಕ್ ಕಾಣ್ತಿತ್ತು. ನಿಮ್ ರಾಡು ಅರ್ಧ ಬೆಂದಿದೆ, ಒಳ್ಳೇ ಸುದ್ದಿ ಇದು, ಬಿಸಾಕ್ಬೇಡಿ.

ವಿವರವಾಗಿ ಹೇಳ್ತೀನಿ ಉದ್ದ ಆದ್ರೆ ಬೈಕೋಬೇಡಿ. ತಾಮ್ರಕ್ಕೆ ಬೇರೆ ಲೋಹದ ಅಣು ಸೇರಿದ್ರೆ ಎರಡು ಕೆಲಸ ಆಗತ್ತೆ, ಸ್ವಲ್ಪ ಗಟ್ಟಿ ಆಗತ್ತೆ, ಮತ್ತೆ ಎಲೆಕ್ಟ್ರಾನಿಗೆ ಅಡ್ಡ ಬರತ್ತೆ. ಎಲ್ಲಾ ಲೋಹ ಒಂದೇ ಸಮ ಕೆಡ್ಸಲ್ಲ. ಬೆಳ್ಳಿ, ಕ್ಯಾಡ್ಮಿಯಂ ಅಂತವು ಸಾಧು ಪ್ರಾಣಿಗಳು, ಇದ್ದೂ ಇಲ್ಲದ ಹಾಗೆ ಇರ್ತಾವೆ. ರಂಜಕ, ಕಬ್ಬಿಣ, ಸಿಲಿಕಾನು, ಕ್ರೋಮಿಯಂ ಇವು ಒಂಚೂರು ಕರಗಿದ್ರೂ ಕಂಡಕ್ಟಿವಿಟಿ ನೆಲ ಕಚ್ಚತ್ತೆ. ಎಸಿಗೆ ಹಾಕೋ ತಾಮ್ರದ ಪೈಪ್ ನೋಡಿ, ಅದರಲ್ಲಿ ರಂಜಕ ಇರೋದು 0.015ರಿಂದ 0.04% ಅಷ್ಟೆ, ಕಣ್ಣಿಗೆ ಅಪ್ಪಟ ತಾಮ್ರ, ಕಂಡಕ್ಟಿವಿಟಿ ಮಾತ್ರ 80ರ ಆಸುಪಾಸಿಗೆ ಇಳಿದಿರತ್ತೆ. ಆ ಸ್ಕ್ರಾಪು ಕರಗಿಸಿ ಬಸ್‌ಬಾರ್ (ಪ್ಯಾನಲ್ ಒಳಗೆ ಕರೆಂಟ್ ಹಂಚೋ ಪಟ್ಟಿ) ಮಾಡೋರನ್ನ ನೋಡಿದೀನಿ, ಆಮೇಲೆ ಜಾಯಿಂಟ್ ಬಿಸಿ ಆಗತ್ತೆ ಅಂತ ಅಳ್ತಾರೆ.

ಈಗ ಕ್ರೋಮಿಯಂ. ಸಾವಿರ ಡಿಗ್ರಿ ಹತ್ರ ತಾಮ್ರ ಹೆಚ್ಚುಕಮ್ಮಿ ಅರ್ಧ ಪರ್ಸೆಂಟು ಕ್ರೋಮಿಯಂ ಕರಗಿಸ್ಕೊಳತ್ತೆ, 400 ಡಿಗ್ರಿಗೆ ಬಂದ್ರೆ ಹೆಚ್ಚುಕಮ್ಮಿ ಏನೂ ಹಿಡ್ಕೊಳಲ್ಲ. ಮೇಲೆ ಕರಗಿಸಿ ದಬಕ್ ಅಂತ ನೀರಿಗೆ ಹಾಕಿದ್ರೆ ಹೊರಗೆ ಬರೋಕೆ ಟೈಮೇ ಸಿಗ್ದೆ ಕ್ರೋಮಿಯಂ ಒಳಗೇ ಸಿಕ್ಕಾಕೊಳತ್ತೆ. ಆ ಸ್ಥಿತಿಲಿ ರಾಡು ಮೆತ್ತಗಿರತ್ತೆ, ಮತ್ತೆ ಒಂಟೊಂಟಿ ಕ್ರೋಮಿಯಂ ಅಣು ಎಲ್ಲಾ ಕಡೆ ಹರಡ್ಕೊಂಡಿರೋದ್ರಿಂದ ಕಂಡಕ್ಟಿವಿಟಿ 40ರ ಹತ್ರ ಬಿದ್ದಿರತ್ತೆ. ನಿಮ್ಮ 68 ಮತ್ತು 42 ಇದೇ. ಆಮೇಲೆ 450ರಿಂದ 480 ಡಿಗ್ರೀಲಿ ಎರಡು ಮೂರು ತಾಸು ಇಟ್ರೆ, ಅದಕ್ಕೆ ಏಜಿಂಗ್ ಅಂತಾರೆ, ಸಿಕ್ಕಾಕೊಂಡಿದ್ದ ಕ್ರೋಮಿಯಂ ಗುಂಪು ಗುಂಪಾಗಿ ಕೆಲವೇ ನ್ಯಾನೋಮೀಟರ್ ಸೈಜಿನ ಕಣ ಆಗಿ ಕೂತ್ಕೊಳತ್ತೆ. ಆಗ ರಾಡು ಗಟ್ಟಿನೂ ಆಗತ್ತೆ, ಕಂಡಕ್ಟಿವಿಟಿನೂ ನಿಮ್ಮ ಹಳೇ ರಾಡಿನ ಹತ್ರಕ್ಕೆ ಏರತ್ತೆ. ನಿಮ್ ಸಪ್ಲೈಯರ್ ಕಡೆ ಈ ಕೊನೇ ಹೆಜ್ಜೆ ಬಿಟ್ಟುಹೋಗಿದೆ.

ಡಿಪ್ಲೊಮಾ_ಫೈನಲ್_ಇಯರ್:
ಒಂದು ಅರ್ಥ ಆಗ್ತಿಲ್ಲ. ಕ್ರೋಮಿಯಂ ರಾಡಿಂದ ಹೊರಗೇನೂ ಹೋಗಲ್ವಲ್ಲ, ಅಷ್ಟೇ ಇದೆ, ಒಳಗೇ ಇದೆ. ಹಂಗಿದ್ಮೇಲೆ ಕಂಡಕ್ಟಿವಿಟಿ ಹೆಂಗೆ ಡಬಲ್ ಆಗತ್ತೆ?

ಕುಡ್ಲ_ಕನೆಕ್ಟರ್:
ಇದು ನಾನು ಹೇಳ್ತೇನೆ. ತೇರಿನ ದಿವಸ ರಥಬೀದಿಯಲ್ಲಿ ಸಾವಿರ ಜನ ಒಬ್ಬೊಬ್ಬರೇ ಬೀದಿ ತುಂಬ ನಿಂತ್ರೆ ನಿಮಗೆ ಒಂದು ಹೆಜ್ಜೆ ಇಡ್ಲಿಕ್ಕೆ ಆಗುದಿಲ್ಲ. ಅದೇ ಸಾವಿರ ಜನ ನೂರು ನೂರರ ಗುಂಪಾಗಿ ಹತ್ತು ಕಡೆ ಕೂತ್ರೆ ನಡುವಿಂದ ಓಡಿಕೊಂಡು ಹೋಗಬಹುದು. ಜನ ಅಷ್ಟೇ ಉಂಟು, ಅಡ್ಡ ಬರುದು ಮಾತ್ರ ಕಮ್ಮಿ. ರೂಮ್ ಟೆಂಪರೇಚರಲ್ಲಿ ತಾಮ್ರದ ಒಳಗೆ ಎಲೆಕ್ಟ್ರಾನು ಒಂದು ಡಿಕ್ಕಿಯಿಂದ ಇನ್ನೊಂದಕ್ಕೆ ಸುಮಾರು 40 ನ್ಯಾನೋಮೀಟರ್ ಓಡ್ತದೆ, ಅಲ್ಲೊಂದು ಇಲ್ಲೊಂದು ಇರುವ ಕಣ ಅದಕ್ಕೆ ದೊಡ್ಡ ವಿಷಯ ಅಲ್ಲ.

ಡಿಪ್ಲೊಮಾ_ಫೈನಲ್_ಇಯರ್:
ಸೂಪರ್ ಮೇಡಂ. ಆದ್ರೆ ಹಂಗಿದ್ರೆ ಗಟ್ಟಿತನಾನೂ ಕಮ್ಮಿ ಆಗ್ಬೇಕಲ್ವಾ? ಗುಂಪಾಗಿ ಕೂತ್ರೆ ಎಲ್ಲರಿಗೂ ದಾರಿ ಸಿಗತ್ತೆ ತಾನೆ.

ಕುಡ್ಲ_ಕನೆಕ್ಟರ್:
ಒಳ್ಳೆ ಪ್ರಶ್ನೆ ಮಾರಾಯ್ರೆ, ಇಲ್ಲಿಯೇ ಮಜಾ ಇರುದು. ಬೀದಿಯಲ್ಲಿ ನೀವು ಒಬ್ಬರೇ ಓಡುದು ಬೇರೆ, ತೇರಿನ ಹಗ್ಗವನ್ನು ಬೀದಿಯ ಈ ಕಡೆಯಿಂದ ಆ ಕಡೆಗೆ ಅಡ್ಡ ಹಿಡಿದು ಎಳ್ಕೊಂಡು ಹೋಗುದು ಬೇರೆ. ತಾಮ್ರ ಬಗ್ಗುದು ಅಂದ್ರೆ ಡಿಸ್‌ಲೊಕೇಶನ್ ಅಂತ ಒಂದು ಗೆರೆ ಒಳಗೆ ಜಾರುದು, ಅದು ಅಡ್ಡ ಹಿಡಿದ ಹಗ್ಗದ ಹಾಗೆ. ಒಂಟಿ ಜನ ಆದ್ರೆ ಹಗ್ಗ ತಳ್ಳಿಕೊಂಡು ಹೋಗ್ತದೆ, ಗುಂಪು ಗಟ್ಟಿಯಾಗಿ ಕೂತಿದ್ರೆ ಹಗ್ಗ ಅಲ್ಲಿ ಸಿಕ್ಕಿಕೊಂಡು ನಡುವಲ್ಲಿ ಬಿಲ್ಲಿನ ಹಾಗೆ ಬಾಗ್ತದೆ. ಗುಂಪು ಗುಂಪಿನ ನಡುವೆ ಜಾಗ ಎಷ್ಟು ಕಮ್ಮಿಯೋ ಅಷ್ಟು ಜೋರಾಗಿ ಎಳೀಬೇಕು. 1948ರಲ್ಲಿ ಒರೊವಾನ್ ಅನ್ನುವವರು ಇದರ ಲೆಕ್ಕ ಹಾಕಿ ಕೊಟ್ಟದ್ದು.

ಆದ್ರೆ ತುಂಬ ಹೊತ್ತು ಬಿಸಿಯಲ್ಲಿ ಇಟ್ರೆ ಸಣ್ಣ ಗುಂಪುಗಳು ಕರಗಿ ದೊಡ್ಡದಕ್ಕೆ ಸೇರ್ತವೆ. ತುಪ್ಪ ನೋಡಿಲ್ವಾ, ಮೆಲ್ಲ ತಣ್ಣಗೆ ಮಾಡಿದ್ರೆ ದಪ್ಪ ದಪ್ಪ ಹರಳು, ಬೇಗ ತಣ್ಣಗೆ ಮಾಡಿದ್ರೆ ನುಣ್ಣಗೆ. ದಪ್ಪ ಹರಳು ಆದ್ರೆ ನಡುವೆ ದೂರ ಜಾಸ್ತಿ, ಹಗ್ಗ ಸಲೀಸಾಗಿ ದಾಟ್ತದೆ, ಲೋಹ ಮತ್ತೆ ಮೆತ್ತಗೆ. ತಮಾಷೆ ಎಂತದ್ದು ಅಂದ್ರೆ ಆಗಲೂ ಕಂಡಕ್ಟಿವಿಟಿ ಏರ್ತಾನೇ ಇರ್ತದೆ, ಇಳಿಯುದಿಲ್ಲ. ಹಾರ್ಡ್‌ನೆಸ್ ಮೇಲೆ ಹೋಗಿ ಕೆಳಗೆ ಬರ್ತದೆ, ಕಂಡಕ್ಟಿವಿಟಿ ಮೇಲೆ ಮಾತ್ರ. ಅದಕ್ಕೇ ಜೋಡಿ ರೀಡಿಂಗ್ ಕೇಳಿದ್ದು ಅವರು. ಮೆತ್ತಗೆ ಇದ್ದು ಕಂಡಕ್ಟಿವಿಟಿ ಕಮ್ಮಿ ಇದ್ರೆ ಬೆಂದಿಲ್ಲ, ಮೆತ್ತಗೆ ಇದ್ದು ಕಂಡಕ್ಟಿವಿಟಿ ಜಾಸ್ತಿ ಇದ್ರೆ ಜಾಸ್ತಿ ಬೆಂದಿದೆ, ಇಲ್ಲಾಂದ್ರೆ ಬರೀ ತಾಮ್ರ.

ಟೂಲ್‌ರೂಮ್_1987:
ಆ ಎರಡನೇದು ನನ್ನ ಅನುಭವ. ಟಿಪ್ಪಿನ ಶ್ಯಾಂಕ್ (ಹಿಂದಿನ ಹಿಡಿ ಭಾಗ) ಗಿಡ್ಡ ಆಯ್ತು ಅಂತ ಸಿಲ್ವರ್ ಬ್ರೇಜಿಂಗ್, ಅಂದ್ರೆ ಬೆಳ್ಳಿ ಬೆಸುಗೆ ಮಾಡಿ ಉದ್ದ ಮಾಡ್ದೆ, ಬ್ರೇಜಿಂಗ್ ಅಂದ್ರೆ 650, 700 ಡಿಗ್ರಿ ಆಯ್ತಲ್ಲ, ಜಾಯಿಂಟು ಚಿನ್ನದ ಹಾಗೆ ಬಂತು, ಟಿಪ್ಪು ಸತ್ತೋಯ್ತು. ನಾನೂ ಆಗ ಮತ್ತೆ 470ರಲ್ಲಿ ಇಟ್ಟು ಸರಿ ಮಾಡೋಣ ಅಂತ ಕೂತೆ, ಮೂರು ತಾಸು ಕಾದೆ, ಒಂದು ಪಾಯಿಂಟೂ ಏರಲಿಲ್ಲ. ದಪ್ಪ ಆದ ಕಣ ಸಣ್ಣ ಆಗಲ್ಲ, ವಾಪಸ್ ಸಾವಿರ ಡಿಗ್ರಿಗೆ ಹೋಗಿ ಕರಗಿಸಿ ನೀರಿಗೆ ಹಾಕಿ ಮೊದಲಿಂದ ಶುರು ಮಾಡ್ಬೇಕು, ಅಷ್ಟೊತ್ತಿಗೆ ಬ್ರೇಜಿಂಗ್ ಜಾಯಿಂಟು ಕರಗಿ ಹರಿದು ಹೋಗಿರತ್ತೆ.

ಪೀಣ್ಯ_ಪ್ಯಾನಲ್:
ಅಂದ್ರೆ ನಾನು ಬೇಯಿಸ್ಕೊಂಡ್ರೆ ಆಯ್ತಾ? ನಮ್ಮಲ್ಲಿ ಪೌಡರ್ ಕೋಟಿಂಗ್ ಓವನ್ ಇದೆ, 220 ತನಕ ಹೋಗತ್ತೆ. 470ಕ್ಕೆ ಮೂರು ತಾಸು ಅಂದ್ರೆ 220ಕ್ಕೆ ರಾತ್ರಿಯಿಡೀ ಇಟ್ರೆ ಸಮ ಆಗಲ್ವಾ?

ಬ್ಯಾಕ್‌ಬೆಂಚ್_ಮೆಟಲರ್ಜಿ:
😀 ಆಗಲ್ಲ. 220ರಲ್ಲಿ ಕ್ರೋಮಿಯಂ ಅಣು ಜಾಗ ಬಿಟ್ಟು ಕದಲೋದೇ ಇಲ್ಲ, ವರ್ಷ ಇಟ್ರೂ ಅಷ್ಟೇ, ಸಣ್ಣ ಉರೀಲಿ ಮುದ್ದೆ ಬೇಯತ್ತೆ, ಬಿಸಿಲಲ್ಲಿಟ್ರೆ ಬೇಯಲ್ಲ. ಟೆಂಪರಿಂಗ್ ಫರ್ನೇಸ್ ಇರೋ ಹೀಟ್ ಟ್ರೀಟ್‌ಮೆಂಟ್ ಜಾಬ್‌ವರ್ಕಿಗೆ ಕೊಡಿ, ಅವರ ಸ್ಟೀಲ್ ಬ್ಯಾಚ್ ಜೊತೆ ಹಾಕ್ಬೇಡಿ ಅಂತ ಹೇಳಿ, 470ಕ್ಕೆ ಮೂರು ತಾಸು. ಮೇಲೆ ಕರೀ ಪೊರೆ ಬರತ್ತೆ, ಹಾಗಾಗಿ ಅರ್ಧ ಎಂಎಂ ಮಾರ್ಜಿನ್ ಇಟ್ಟು ರಫ್ ಟರ್ನಿಂಗ್ ಮಾಡಿ ಕೊಡಿ, ಫಿನಿಶಿಂಗ್ ಆಮೇಲೆ. ಮೊದ್ಲು ಬರೀ ನಾಲ್ಕು ಪೀಸ್. ಒಂದು ಮಾತು ಈಗ್ಲೇ ಹೇಳ್ತೀನಿ, 150 ಬರಲ್ಲ. ಒಳ್ಳೇ ಮಿಲ್ಲುಗಳು ನೀರಿಗೆ ಹಾಕಿದ್ಮೇಲೆ ಏಜಿಂಗ್ ಮುಂಚೆ ತಣ್ಣಗೆ ಎಳೀತಾರೆ, ಆ ಎಳೆತದ ಗಟ್ಟಿತನ ಸೇರಿ 150. ನಿಮ್ಮದಕ್ಕೆ ಎಳೆತ ಆಗಿರೋ ಲಕ್ಷಣ ಇಲ್ಲ.

ಚಹಾ_ಬ್ರೇಕ್:
ಇಷ್ಟೆಲ್ಲ ಗೋಳು ಯಾಕೆ, ಬೆರಿಲಿಯಂ ಕಾಪರ್ ಹಾಕಿ, ಉಕ್ಕಿನಷ್ಟು ಗಟ್ಟಿ.

ಕುಡ್ಲ_ಕನೆಕ್ಟರ್:
ಗಟ್ಟಿ ಹೌದು, 2% ಹತ್ರ ಬೆರಿಲಿಯಂ ಇರುವ ಗ್ರೇಡು 1400 ಎಂಪಿಎ ತನಕ ಹೋಗ್ತದೆ, ಆದ್ರೆ ಕಂಡಕ್ಟಿವಿಟಿ 22ರಿಂದ 25. ಸ್ಪ್ರಿಂಗಿಗೆ ಅದ್ಭುತ, ಸಿಆರ್ ಶೀಟಿನ ಟಿಪ್ಪಿಗೆ ಬೇಡ, ತಾನೇ ಕಾದು ಹೋಗ್ತದೆ. ಲೇತಿನಲ್ಲಿ ಉದ್ದ ಚಿಪ್ಸ್ ಬರುವಾಗ ಅಷ್ಟು ಹೆದರಿಕೆ ಇಲ್ಲ, ಡ್ರೆಸ್ ಮಾಡ್ಲಿಕ್ಕೆ ಗ್ರೈಂಡರ್ ಹಿಡಿದ್ರೆ ಬರುವ ಧೂಳು ಶ್ವಾಸಕೋಶಕ್ಕೆ ಹೋದ್ರೆ ವಾಸಿಯಾಗದ ಕಾಯಿಲೆ. ನಾವು ಕನೆಕ್ಟರಿಗೆ ಈಗ ಹೆಚ್ಚು ಹಾಕುದು ನಿಕ್ಕಲ್ ಸಿಲಿಕಾನ್ ಇರುವ ಕಾರ್ಸನ್ ತಾಮ್ರ, 1920ರ ದಶಕದ್ದು. ಅದರಲ್ಲಿ ನಿಕ್ಕಲ್ಲು ಸಿಲಿಕಾನು ಜೋಡಿಯಾಗಿ ಹೊರಗೆ ಬರ್ತವೆ, ಎರಡು ನಿಕ್ಕಲ್ಲಿಗೆ ಒಂದು ಸಿಲಿಕಾನು, ತೂಕದಲ್ಲಿ ನಾಲ್ಕಕ್ಕೆ ಒಂದು. ಲೆಕ್ಕ ತಪ್ಪಿ ಸಿಲಿಕಾನ್ ಜಾಸ್ತಿ ಆಯ್ತಾ, ಜೋಡಿ ಸಿಗದ್ದು ತಾಮ್ರದಲ್ಲೇ ಉಳಿದು ಕಂಡಕ್ಟಿವಿಟಿ ತಿಂತದೆ. ಸರಿ ಬಂದ್ರೆ 700 ಎಂಪಿಎ ಹತ್ರ, ಕಂಡಕ್ಟಿವಿಟಿ 40, 45. ಹಿಂದೆ ಹಾಕ್ತಿದ್ದ ಫಾಸ್ಫರ್ ಬ್ರಾಂಜಿಗೆ 15ರ ಹತ್ರ ಇತ್ತು, ತವರ ಎಲ್ಲ ಕರಗಿಕೊಂಡೇ ಇರ್ತದಲ್ಲ ಅದರಲ್ಲಿ.

ಹುಬ್ಬಳ್ಳಿ_ಓಎಚ್ಇ:
ತಡಾ ಆಗಿ ಬಂದೆ, ನಂದೂ ಒಂದಿಷ್ಟು ಕೇಳ್ರಿ. ನಾವು ರೈಲ್ವೆ ಮ್ಯಾಲಿನ ತಂತಿ ಮಂದಿ, ನಮಗೂ ಇದ ಗೋಳ ಐತಿ. ಪ್ಯಾಂಟೋಗ್ರಾಫ್ (ಇಂಜಿನ್ ತಲಿ ಮ್ಯಾಲ ಕರೆಂಟ್ ತಗೊಳ್ಳೋ ಕೈ) ಮುಟ್ಟೋ ತಂತಿ 107 ಚದರ ಎಂಎಂ ಎಳದ ತಾಮ್ರ, ಅದಕ್ಕ ಸಾವಿರ ಕೆಜಿ ಜಗ್ಗಿರ್ತೀವಿ. ಅದನ್ನ ಹೊತ್ತಿರೋ ಮ್ಯಾಲಿನ ಕ್ಯಾಟೆನರಿ ಕ್ಯಾಡ್ಮಿಯಂ ತಾಮ್ರ, 65 ಚದರ ಎಂಎಂ. ಯಾಕ ಜಗ್ಗಬೇಕಂದ್ರ ಪ್ಯಾಂಟೋಗ್ರಾಫ್ ತಳ್ಳಿದ್ರ ತಂತಿಯೊಳಗ ಅಲಿ ಏಳತೈತಿ, ಆ ಅಲಿಗಿಂತ ರೈಲು ಹಿಂದ ಇರಬೇಕು. ತಂತಿ ತೂಕ ಮೀಟರಿಗೆ 0.95 ಕೆಜಿ, ಲೆಕ್ಕಾ ಹಾಕಿದ್ರ ಅಲಿ ವೇಗ ತಾಸಿಗೆ 365 ಕಿಮೀ ಬರತೈತಿ, ಅದರ 70% ಒಳಗ ಓಡಬೇಕು ಅಂತ ಲೆಕ್ಕಾ, ಅಂದ್ರ 255. ಇನ್ನೂ ಜೋರ ಓಡಬೇಕಂದ್ರ ಇನ್ನೂ ಜಗ್ಗಬೇಕು, ಶುದ್ಧ ತಾಮ್ರ ಜಗ್ಗಿದಷ್ಟೂ ಹಿಗ್ಗತೈತಿ. ಜರ್ಮನಿಯೊಳಗ ಅರ್ಧ ಪರ್ಸೆಂಟ್ ಮೆಗ್ನೀಸಿಯಂ ಹಾಕಿ 120 ಚದರ ಎಂಎಂ ತಂತಿಗೆ 27 ಕಿಲೋನ್ಯೂಟನ್ ಜಗ್ಗತಾರ, ಕಂಡಕ್ಟಿವಿಟಿ 62ಕ್ಕ ಇಳೀತೈತಿ, ಇಳೀಲಿ ಅಂತ ಬಿಟ್ಟಾರ. ಜಪಾನದವ್ರು ಅವರ ಬುಲೆಟ್ ರೈಲು ಶಿಂಕಾನ್ಸೆನ್‌ಗೆ ನಿಮ್ಮ ಈ ಟಿಪ್ಪಿನ ಜಾತಿದ ತಂತಿ ಮಾಡ್ಯಾರ ನೋಡ್ರಿ, ಕ್ರೋಮಿಯಂ ಜಿರ್ಕೋನಿಯಂ ಹಾಕಿ ಬೇಯಿಸಿದ್ದು.

ಡಿಪ್ಲೊಮಾ_ಫೈನಲ್_ಇಯರ್:
ನಮ್ಮ ಮೆಟ್ರೋ ತಂತಿ ಯಾವುದು ಸಾರ್?

ಹುಬ್ಬಳ್ಳಿ_ಓಎಚ್ಇ:
ತಮ್ಮಾ, ಬೆಂಗಳೂರ ಮೆಟ್ರೋಕ್ಕ ತಂತಿನ ಇಲ್ಲೋ. ಪಕ್ಕದಾಗ ಥರ್ಡ್ ರೈಲ್ ಐತಿ, 750 ವೋಲ್ಟ್ ಡಿಸಿ. ತಲಿ ಎತ್ತಿ ಒಮ್ಮೆನೂ ನೋಡಿಲ್ಲೇನ?

ಪೀಣ್ಯ_ಪ್ಯಾನಲ್:
ರಿಸಲ್ಟ್ ಬಂತು! ನಾಲ್ಕು ಪೀಸ್ ಕೊಟ್ಟಿದ್ದೆ, 470ಕ್ಕೆ ಮೂರು ತಾಸು. ಕಪ್ಪಗೆ ಸುಟ್ಟ ಬದನೆಕಾಯಿ ಥರ ವಾಪಸ್ ಬಂದ್ವು, ನೋಡಿ ಎದೆ ಧಸಕ್ ಅಂತು, ಮೇಲಿಂದ ಒಂದು ಕಟ್ ತಗೊಂಡ್ರೆ ಒಳಗೆ ಪಳ ಪಳ. ಬ್ರಿನೆಲ್ 124, ಕಂಡಕ್ಟಿವಿಟಿ 78%. ನೀವು ಹೇಳ್ದಂಗೇ 150 ಬರಲಿಲ್ಲ. ಮಷೀನಿಗೆ ಹಾಕಿ ಹುಡುಗನ್ನ ಕೂರ್ಸಿ ಎಣಿಸ್ದೆ, 850 ಸ್ಪಾಟಿಗೆ ಮುಖ 6.6 ಎಂಎಂ ಆಯ್ತು, ಆಗ ಡ್ರೆಸ್ ಮಾಡಿದ್ವಿ. ಉಳಿದ ರಾಡೆಲ್ಲಾ ರಫ್ ಮಾಡಿ ಫರ್ನೇಸಿಗೆ ಕಳಿಸ್ತಿದೀನಿ, ಖರ್ಚು ಲೆಕ್ಕ ಹಾಕಿದ್ರೆ ರೇಟಲ್ಲಿ ಉಳಿಸಿದ್ದೆಲ್ಲ ಅಲ್ಲಿಗೇ ಹೋಯ್ತು. ಸಪ್ಲೈಯರ್‌ಗೆ ಫೋನ್ ಮಾಡಿದ್ರೆ ನೀವು ಆರ್ಡರಲ್ಲಿ ಬರೀ ಕ್ರೋಮ್ ಕಾಪರ್ ರಾಡ್ ಅಂತ ಬರೆದಿದ್ರಿ, ಏಜ್ಡ್ ಅಂತ ಎಲ್ಲಿ ಬರೆದಿದ್ರಿ ಅಂತಾರೆ.

ಬ್ಯಾಕ್‌ಬೆಂಚ್_ಮೆಟಲರ್ಜಿ:
ಅವರ ಮಾತಲ್ಲಿ ಅರ್ಧ ನ್ಯಾಯ ಇದೆ. ಮುಂದಿನ ಆರ್ಡರಲ್ಲಿ ಸಲ್ಯೂಷನ್ ಟ್ರೀಟೆಡ್ (ಕರಗಿಸಿ ನೀರಿಗೆ ಹಾಕಿದ್ದು), ಕೋಲ್ಡ್ ಡ್ರಾನ್ (ತಣ್ಣಗೆ ಎಳೆದದ್ದು), ಏಜ್ಡ್ (ಬೇಯಿಸಿದ್ದು) ಅಂತ ಬರೆದು, ಪಕ್ಕದಲ್ಲಿ ಬ್ರಿನೆಲ್ 140ಕ್ಕೆ ಕಮ್ಮಿ ಇರಬಾರದು, ಕಂಡಕ್ಟಿವಿಟಿ 75ಕ್ಕೆ ಕಮ್ಮಿ ಇರಬಾರದು ಅಂತ ಹಾಕಿ.

ಪೀಣ್ಯ_ಪ್ಯಾನಲ್:
ಹಾಕ್ತೀನಿ ಸಾರ್. ಇನ್ನೊಂದು ಎಡವಟ್ಟು ಆಯ್ತು ನಿನ್ನೆ, ಬೆಂದಿರೋದೂ ಬೇಯ್ದೇ ಇರೋದೂ ಫಿನಿಶ್ ಆದ್ಮೇಲೆ ನೋಡೋಕೆ ಒಂದೇ ಥರ, ಹುಡುಗ್ರು ಒಂದೇ ಡಬ್ಬಿಗೆ ಸುರಿದಿದ್ರು. ಫೈಲ್ ಹಾಕಿ ಉಜ್ಜಿ ಉಜ್ಜಿ ಬೇರೆ ಮಾಡ್ದೆ. ಈಗ ಬೆಂದಿದ್ದಕ್ಕೆಲ್ಲ ಒಂದು ಸೆಂಟರ್ ಪಂಚ್ ಚುಕ್ಕೆ ಹೊಡೀತಿದೀನಿ.

ಟೂಲ್‌ರೂಮ್_1987:
ಚುಕ್ಕೆ ಎಲ್ಲಿ ಹೊಡೆದ್ರಿ? ಮುಖದ ಮೇಲೆ ಬೇಡ, ಶೀಟಿನ ಮೇಲೆಲ್ಲ ಮೊಡವೆ ಮೂಡತ್ತೆ.

ಪೀಣ್ಯ_ಪ್ಯಾನಲ್:
ಹಿಂದ್ಗಡೆ ಟೇಪರ್ ಮೇಲೆ ಸಾರ್.

ಟೂಲ್‌ರೂಮ್_1987:
ಅಯ್ಯೋ ಟೇಪರ್ ಮೇಲೂ ಬೇಡ ಮಾರಾಯ, ಹೋಲ್ಡರಲ್ಲಿ ಸರಿಯಾಗಿ ಕೂರಲ್ಲ, ನೀರು ಸೋರತ್ತೆ. ನಡುವೆ, ಸ್ಪ್ಯಾನರ್ ಹಿಡಿಯೋ ಜಾಗದಲ್ಲಿ ಹೊಡೀರಿ.